ಕವಲಗೋಡಿನ ವೀಳ್ಯ

ಬಸ್ಸು ಸಾಗರ ಬಿಟ್ಟಾಗಿನಿಂದ ನಾನು ಯಮುನಳ ಕೈಗಳನ್ನೇ ನೋಡುತ್ತಿದ್ದೆ. ಮನಸ್ಸಿನಲ್ಲಿ ಏನೂ ತೀರ್ಮಾನವಾಗದಿದ್ದರೆ ಅವಳ ಬೆರಳುಗಳು ಸೆರಗಿನ ಅಂಚನ್ನು ಮಡಿಸುತ್ತವೆ, ಬಿಡಿಸುತ್ತವೆ, ಮತ್ತೆ ಮಡಿಸುತ್ತವೆ. ತೀರ್ಮಾನವಾದ ಮೇಲೆ ಸುಮ್ಮನಾಗುತ್ತವೆ. ಚಿಕ್ಕಂದಿನಿಂದಲೂ ಹಾಗೇ. ಬಟ್ಟೆಮಲ್ಲಪ್ಪದ ಸ್ಟಾಪು ದಾಟಿದರೂ ಸೆರಗಿನ ಅಂಚು ಮಡಿಸಿಕೊಳ್ಳುತ್ತಲೇ ಇತ್ತು. ನನಗೆ ಸ್ವಲ್ಪ ಧೈರ್ಯ ಬಂತು.

ಯಮುನ ನನ್ನ ತಂಗಿ. ಮೈಸೂರಿನಲ್ಲಿ ಡಾಕ್ಟರಿಕೆ ಓದು ಮುಗಿಸಿ ಮನೆಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಅಮ್ಮ ಅವಳಿಗೆ ಬುದ್ಧಿ ಬರುವ ಮೊದಲೇ ತೀರಿಕೊಂಡರು, ಅಪ್ಪ ಅವಳು ಹೈಸ್ಕೂಲಿನಲ್ಲಿದ್ದಾಗ. ಅವಳ ತಲೆ ಬಾಚಿ, ಜಡೆ ಹಾಕಿ, ಶಾಲೆಗೆ ಕಳಿಸಿ, ಆಮೇಲೆ ನಾನು ನನ್ನ ಶಾಲೆಗೆ ಓಡುತ್ತಿದ್ದೆ. ಸಾಗರದ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಟೀಚರು. ಹಾಜರಿ ಪುಸ್ತಕದಲ್ಲಿ ಜಲಜಮ್ಮ, ಊರವರ ಬಾಯಲ್ಲಿ ಅಕ್ಕೋರು.

ಈಗ ಅವಳ ಮುಂದೆ ಎರಡು ದಾರಿ ಇದ್ದವು. ಶಿವಮೊಗ್ಗದಲ್ಲಿ ಅಪ್ಪನ ಪರಿಚಯದವರೊಬ್ಬರು ನಡೆಸುತ್ತಿದ್ದ ಹೆರಿಗೆ ಆಸ್ಪತ್ರೆ ಒಂದು. ಅಲ್ಲಿ ಇಬ್ಬರು ಹಿರಿಯ ಡಾಕ್ಟರುಗಳಿದ್ದರು, ನೀರಿನ ನಲ್ಲಿ ಇತ್ತು, ಕರೆಂಟಿತ್ತು, ಇರಲು ಅವರ ಮನೆಯ ಪಕ್ಕದಲ್ಲೇ ಕೋಣೆ ಇತ್ತು. ಸೋಮವಾರದೊಳಗೆ ಮಾತು ತಿಳಿಸಬೇಕೆಂದು ಅವರು ಹೇಳಿಕಳಿಸಿದ್ದರು. ಇನ್ನೊಂದು ಕವಲಗೋಡಿನ ಸರ್ಕಾರಿ ಆರೋಗ್ಯ ಕೇಂದ್ರ. ಅಣೆಕಟ್ಟು ಕಟ್ಟಿ ಶರಾವತಿಯ ನೀರು ಏರಿದಾಗ ಊರು ಬಿಟ್ಟು ಬಂದವರಿಗೆ ಕಾಡು ಕಡಿದು ಮಾಡಿಕೊಟ್ಟ ಜಾಗ ಅದು. ಅಲ್ಲಿಗೆ ಡಾಕ್ಟರು ಬರುತ್ತಾರೆ, ನೋಡುತ್ತಾರೆ, ಹೋಗುತ್ತಾರೆ ಎಂದು ಸಾಗರದಲ್ಲಿ ತಮಾಷೆಯಾಗಿ ಮಾತಾಡಿಕೊಳ್ಳುತ್ತಿದ್ದರು. ಯಮುನಳ ಜೊತೆ ಓದಿದವರಲ್ಲಿ ಒಬ್ಬಳು ಗಂಡನೊಂದಿಗೆ ಇಂಗ್ಲೆಂಡಿಗೆ ಹೊರಟಿದ್ದಳು, ಉಳಿದವರು ಬೆಂಗಳೂರು, ಬೊಂಬಾಯಿ. ಹಳ್ಳಿಯ ಕಡೆ ಮುಖ ಹಾಕಿದವರು ಯಾರೂ ಇರಲಿಲ್ಲ.

"ನೋಡದೇ ಬೇಡ ಅನ್ನೋದು ಸರಿಯಲ್ಲ ಅಕ್ಕ. ಒಂದ್ಸಲ ಹೋಗಿ ನೋಡ್ಕೊಂಡು ಬರೋಣ," ಎಂದಿದ್ದಳು ಯಮುನ. ನಾನು ತಕ್ಷಣ ಒಪ್ಪಿದೆ. ನೋಡಿದರೆ ತಾನಾಗಿಯೇ ಬೇಡವೆನ್ನುತ್ತಾಳೆಂದು ನನ್ನ ಲೆಕ್ಕ.

ನನ್ನ ಹೆದರಿಕೆ ನಲ್ಲಿಯದೂ ಅಲ್ಲ, ಕರೆಂಟಿನದೂ ಅಲ್ಲ. ಮಂಗನ ಕಾಯಿಲೆಯದು. ಹಿಂದಿನ ಬೇಸಿಗೆಯಲ್ಲಿ ನನ್ನ ತರಗತಿಯ ಹುಡುಗಿಯೊಬ್ಬಳ ತಂದೆ ಕಾಡಿಗೆ ಸೊಪ್ಪು ತರಲು ಹೋದವನು ಜ್ವರ ಹಿಡಿದು ಮಲಗಿ, ವಸಡಿನಲ್ಲಿ ರಕ್ತ ಒಸರಿ ಸತ್ತಿದ್ದ. ಕಾಡಿನಲ್ಲಿ ಮಂಗ ಸಾಯುತ್ತದೆ. ಅದರ ಮೈ ತಣ್ಣಗಾದ ಮೇಲೆ ಮೈಮೇಲಿದ್ದ ಉಣುಗುಗಳು ಇಳಿದು ತರಗೆಲೆಯಲ್ಲಿ ಹರಡಿಕೊಳ್ಳುತ್ತವೆ. ಆ ಎಲೆ ತುಳಿದವರ ಮೈ ಹತ್ತುತ್ತವೆ. ಕಚ್ಚಿದ್ದು ಗೊತ್ತೂ ಆಗುವುದಿಲ್ಲ. ಇಷ್ಟನ್ನು ನನಗೆ ಹೇಳಿಕೊಟ್ಟವಳು ಯಮುನಳೇ. "ಔಷಧಿ?" ಎಂದು ಕೇಳಿದ್ದೆ. "ಇಲ್ಲ. ಮಲಗಿಸಿ ನೀರು ಕುಡಿಸಿ ಕಾಯೋದು," ಎಂದಿದ್ದಳು. ಔಷಧಿ ಇಲ್ಲದ ಕಾಯಿಲೆಯ ಊರಿಗೆ ಡಾಕ್ಟರು ಯಾಕೆ ಹೋಗಬೇಕು ಎಂದು ನಾನು ಕೇಳಲಿಲ್ಲ. ಬಾಯಿಗೆ ಬಂದಿತ್ತು.

ಬಸ್ಸು ನಮ್ಮನ್ನು ಇಳಿಸಿ ಮುಂದೆ ಹೋಯಿತು. ಸಂಜೆಗೆ ಮೊದಲು ಅದೇ ಬಸ್ಸು ವಾಪಸು ಬರುತ್ತದೆ, ಅದೊಂದೇ ಬಸ್ಸು.

ಆರೋಗ್ಯ ಕೇಂದ್ರವೆಂದರೆ ಹಂಚು ಹೊದಿಸಿದ ಮೂರು ಕೋಣೆಯ ಕಟ್ಟಡ. ನಾವು ಬರುವ ಸುದ್ದಿ ತಿಳಿದು ಬಾಗಿಲಲ್ಲಿ ನರ್ಸ್ ಪುಷ್ಪಮ್ಮ ನಿಂತಿದ್ದಳು. ಯಮುನಳಿಗಿಂತಲೂ ಚಿಕ್ಕವಳು, ತರಬೇತಿ ಮುಗಿಸಿ ನೇರ ಇಲ್ಲಿಗೆ ಬಂದು ವರ್ಷವಾಗಿತ್ತಂತೆ.

"ಬನ್ನಿ ಬನ್ನಿ, ಕುರ್ಚಿ ಒಂದೇ ಇರೋದು, ಡಾಕ್ಟ್ರು ಕೂತ್ಕೊಳ್ಳಿ. ಅಕ್ಕೋರು ಈ ಡಬ್ಬದ ಮೇಲೆ ಕೂತ್ಕೊಳ್ಳಬಹುದು, ಗಟ್ಟಿ ಇದೆ."

"ಒಬ್ಬರೇ ಇರ್ತೀರಾ ಇಲ್ಲಿ?" ಎಂದು ಕೇಳಿದೆ.

"ಒಬ್ಬಳೇ. ಹಿಂದಿನ ಡಾಕ್ಟ್ರು ಒಂದು ಹಾಸಿಗೆ ಬಿಟ್ಟು ಹೋಗಿದಾರೆ. ಅದಕ್ಕೂ ಮುಂಚಿನವರು ಬಂದ ಬಸ್ಸಲ್ಲೇ ಹೋದ್ರಂತೆ, ಏನೂ ಬಿಡಲಿಲ್ಲ."

"ನೀವು ಹೋಗಲಿಲ್ಲವಲ್ಲ," ಎಂದಳು ಯಮುನ. ಅವಳ ದನಿಯಲ್ಲಿ ಮೆಚ್ಚುಗೆ ಇತ್ತು. ಅದು ನನಗೆ ಹಿಡಿಸಲಿಲ್ಲ.

ಪುಷ್ಪಮ್ಮ ನಕ್ಕುಬಿಟ್ಟಳು. "ಅಯ್ಯೋ, ಸೇವೆ ಗೀವೆ ಅಂತ ತಿಳ್ಕೋಬೇಡಿ ಡಾಕ್ಟ್ರೇ. ವರ್ಗಾವಣೆ ಕೇಳಿದೆ, ಸಿಗಲಿಲ್ಲ. ಇನ್ನೊಂದ್ಸಲ ಕೇಳಿದೀನಿ. ಭದ್ರಾವತಿ ಸಿಕ್ಕಿದ್ರೆ ನಾಳೆನೇ ಪೆಟ್ಟಿಗೆ ಕಟ್ತೀನಿ."

ಆ ಹುಡುಗಿ ನನಗೆ ಇಷ್ಟವಾದಳು. ಯಮುನಳ ಕೈ ನೋಡಿದೆ. ಸೆರಗಿನ ಅಂಚು ಮಡಿಸಿಕೊಳ್ಳುತ್ತಿತ್ತು.

ಅಷ್ಟರಲ್ಲಿ ಡೊಳ್ಳು ಕೇಳಿಸಿತು. ಮದುವೆಯ ಬಡಿತವಲ್ಲ, ನಿಧಾನದ್ದು, ಹೆಣ ಹೊರುವಾಗಿನದು.

"ಯಾರು ತೀರಿಕೊಂಡರು?" ಎಂದು ಕೇಳಿದೆ.

ಪುಷ್ಪಮ್ಮನ ಮುಖದ ನಗು ಹೋಯಿತು. "ಮನುಷ್ಯರಲ್ಲ ಅಕ್ಕೋರೇ. ಹುಲಿಯಪ್ಪನ ಹಿತ್ತಲಲ್ಲಿ ಬೆಳಿಗ್ಗೆ ಒಂದು ಮಂಗ ಬಿದ್ದಿದೆ. ಮುಟ್ಟಬೇಡಿ ಅಂತ ಹೇಳಿ ಬಂದೆ. ನನ್ನ ಮಾತು ಯಾರು ಕೇಳ್ತಾರೆ?"

ಯಮುನ ಆಗಲೇ ಮೆಟ್ಟಿಲಿಳಿದಿದ್ದಳು.

ಹುಲಿಯಪ್ಪ ಕವಲಗೋಡಿನ ಯಜಮಾನ. ಅವನ ಮನೆಯ ಹಿಂದೆ ಕಾಡು ಶುರುವಾಗುತ್ತಿತ್ತು, ಬೇಲಿಯೂ ಇರಲಿಲ್ಲ. ಅಲ್ಲಿ ಊರೆಲ್ಲ ಸೇರಿತ್ತು. ಮರದ ಬುಡದಲ್ಲಿ ಮಂಗ ಒರಗಿ ಬಿದ್ದಿತ್ತು, ಮೇಲೆ ಒಂದು ಕಂಬಳಿ ಹೊದಿಸಿದ್ದರು. ಕಪ್ಪು ಮುಖವೂ ಒಂದು ಕೈಯೂ ಮಾತ್ರ ಕಾಣುತ್ತಿದ್ದವು. ಪಕ್ಕದಲ್ಲಿ ಬಿದಿರು ಕಟ್ಟಿ ಪುಟ್ಟ ಕುರ್ಚಿಯ ಹಾಗೆ ಮಾಡಿದ್ದರು, ಅದಕ್ಕೆ ಕಣಗಿಲೆ ಹೂವಿನ ಮಾಲೆ. ಸತ್ತ ಮಂಗವನ್ನು ಸ್ನಾನ ಮಾಡಿಸಿ, ಕುಂಕುಮ ಹಚ್ಚಿ, ಕೂರಿಸಿ, ಹೆಗಲ ಮೇಲೆ ಹೊತ್ತು ಊರು ಸುತ್ತಿಸಿ ಮಣ್ಣು ಮಾಡುವುದು ನಮ್ಮ ಕಡೆಯೂ ಉಂಟು. ಚಿಕ್ಕವಳಿದ್ದಾಗ ತೀರ್ಥಹಳ್ಳಿಯ ಹತ್ತಿರದ ನಮ್ಮ ಊರಿನಲ್ಲಿ ನಾನೇ ಅಂಥ ಮಂಗದ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದೆ.

ನಾಲ್ಕು ಜನ ಗಂಡಸರು ಪಂಚೆ ಎತ್ತಿಕಟ್ಟಿ ಸಿದ್ಧರಾಗಿದ್ದರು. ಯಮುನ ನೇರ ಹೋಗಿ ಅವರಿಗೂ ಮಂಗಕ್ಕೂ ನಡುವೆ ನಿಂತಳು. ನೆಲದ ತುಂಬ ತರಗೆಲೆ. ಅವಳ ಸೀರೆಯ ನೆರಿಗೆ ಎಲೆಗಳ ಮೇಲೆ ಎಳೆದಾಡುತ್ತಿತ್ತು. ನೆರಿಗೆ ಎತ್ತಿಕೋ ಎಂದು ಕೂಗಬೇಕೆನಿಸಿತು; ಅಷ್ಟು ಜನ ಗಂಡಸರ ಮುಂದೆ ಹಾಗೆ ಕೂಗಲಾಗಲಿಲ್ಲ.

"ಯಾರೂ ಇದನ್ನ ಮುಟ್ಟಬೇಡಿ. ದಮ್ಮಯ್ಯ ಅಂತೀನಿ," ಎಂದಳು ಯಮುನ. "ಇದು ಕಾಯಿಲೆಯಿಂದ ಸತ್ತಿರಬಹುದು. ಇದರ ಮೈಯಲ್ಲಿರೋ ಉಣುಗು ನಿಮ್ಮ ಮೈಗೆ ಹತ್ತುತ್ತೆ. ಹೆಗಲ ಮೇಲೆ ಹೊತ್ತರೆ ನಾಲ್ಕು ಜನಕ್ಕೂ ಜ್ವರ ಬರಬಹುದು. ಇದ್ದಲ್ಲೇ ಸುಡಬೇಕು."

"ಸುಡದಾ!" ಎಂದು ಹೆಂಗಸರ ಕಡೆಯಿಂದ ಯಾರೋ ಎದೆ ಮುಟ್ಟಿಕೊಂಡರು.

ಹುಲಿಯಪ್ಪ ಎತ್ತರದ, ಒಣಗಿದ ಮೈಯ ಮನುಷ್ಯ. ಕೈಮುಗಿದೇ ಮಾತಾಡಿದ. "ತಾಯಿ, ಹನುಮಂತ ದೇವ್ರು ನಮ್ಮ ಹಿತ್ತಲಿಗೆ ಬಂದು ಪ್ರಾಣ ಬಿಟ್ಟದೆ. ಹಳೇ ಊರಾಗೆ ಹಿಂಗೆ ಬಿದ್ದಾಗೆಲ್ಲ ನಮ್ಮ ಹಿರೀಕರು ಮಣ್ಣು ಮಾಡಿ ಕಲ್ಲು ನಿಲ್ಸಿದ್ರು. ಆ ಕಲ್ಲೆಲ್ಲ ಈಗ ನೀರಿನಡಿ ಅದಾವೆ. ಇಲ್ಲಿಗೆ ಬಂದ ಮೇಲೆ ಇದೇ ಮೊದ್ಲು. ಒಂದು ದೇವ್ರ ಕಲ್ಲಿಲ್ದೇ ಇದು ಊರು ಹೆಂಗಾತದೆ?"

"ದೇವರಿಗೆ ಬೇಡ ಅಂತಿಲ್ಲ ನಾನು. ಮುಟ್ಟಬೇಡಿ ಅಂತ ಅಷ್ಟೇ."

"ಆಗ್ಲೇ ಮುಟ್ಟಾಗದೆ," ಎಂದ ಹೊರಲು ನಿಂತವರಲ್ಲಿ ಒಬ್ಬ. ಗುತ್ಯಪ್ಪ ಅವನ ಹೆಸರು, ಆಮೇಲೆ ತಿಳಿಯಿತು. "ಬೆಳ್ಳಮ್ಮ ಬಾಯಿಗೆ ನೀರು ಬಿಟ್ಟಾಳೆ, ಕಂಬ್ಳಿ ಹೊದ್ಸ್ಯಾಳೆ. ಅವಳಿಗೆಂತ ಆಗದೆ? ಕಲ್ಲುಗುಂಡಿನಂಗೆ ನಿಂತಾಳೆ ನೋಡಿ."

ಬೆಳ್ಳಮ್ಮ ಹುಲಿಯಪ್ಪನ ಸೊಸೆ. ಎಲ್ಲರೂ ತಿರುಗಿ ನೋಡಿದ್ದಕ್ಕೆ ನಾಚಿ ಸೆರಗು ಎಳೆದುಕೊಂಡಳು. "ಒದ್ದಾಡ್ತಿತ್ತು," ಎಂದಳು ಮೆಲ್ಲಗೆ. "ಸಾಯೋ ಬಾಯಿಗೆ ನೀರು ಬಿಡ್ದೇ ಹೆಂಗಿರಾದು?"

ಅವಳು ಹಾಗೆ ಹೇಳುತ್ತಲೇ ಕುತ್ತಿಗೆ ಕೆರೆದುಕೊಂಡಳು. ಯಮುನಳೂ ಅದನ್ನು ನೋಡಿದಳು. ಅವಳ ಮುಖದಲ್ಲಿ ಬಣ್ಣ ಇಳಿದದ್ದು ನನಗೆ ಮಾತ್ರ ಕಂಡಿರಬೇಕು.

"ಕೇಳಿ, ಈಗ ಒಬ್ಬರು ಮುಟ್ಟಿದಾರೆ, ಅವರನ್ನ ನೋಡ್ಕೊಳ್ಳಬಹುದು. ಊರೆಲ್ಲ ಮುಟ್ಟಿದ್ರೆ ಯಾರು ನೋಡ್ತಾರೆ?"

"ಅದನ್ನೇ ಕೇಳ್ಬೇಕು ಅಂತಿದ್ದೆ ಡಾಕ್ಟ್ರಮ್ಮ," ಎಂದ ಗುತ್ಯಪ್ಪ. "ಯಾರು ನೋಡ್ತಾರೆ? ನೀವಂತೂ ಸಂಜೆ ಬಸ್ಸಿಗೆ ಹೋಗೋರು. ಉಣುಗು ಆದ್ರೂ ಮೈ ಹತ್ತಿದ್ರೆ ಬಿಡಲ್ಲ. ಡಾಕ್ಟ್ರುಗಳು ಹತ್ತೋದೇ ಇಲ್ಲ!"

ಜನ ಗೊಳ್ಳೆಂದು ನಕ್ಕರು. ಡೊಳ್ಳಿನವನೂ ನಕ್ಕ. ಯಮುನ ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ.

ಹುಲಿಯಪ್ಪ ಕೈಯೆತ್ತಿ ನಗು ನಿಲ್ಲಿಸಿದ. "ಅವನ ಬಾಯಿ ಹಂಗೇ, ಮನಸ್ಸಿಗೆ ಹಾಕ್ಕಬೇಡಿ. ಆದ್ರೆ ತಾಯಿ, ಅವ ಹೇಳಿದ್ರಾಗೆ ಸುಳ್ಳಿಲ್ಲ. ನೀರು ಬರ್ತದೆ, ಊರು ಬಿಡಿ ಅಂತ ಒಬ್ರು ಹೇಳಿದ್ರು, ಬಿಟ್ವಿ. ಅಲ್ಲಿ ಜಮೀನು ಕೊಡ್ತೀವಿ ಅಂತ ಇನ್ನೊಬ್ರು ಹೇಳಿದ್ರು, ಬಂದ್ವಿ. ಹೇಳಿದೋರು ಯಾರೂ ಮತ್ತೆ ಕಾಣ್ಲಿಲ್ಲ. ಈಗ ದೇವ್ರನ್ನ ಸುಡಿ ಅಂತ ನೀವು ಹೇಳ್ತೀರಿ. ನೀವು ಇಲ್ಲಿ ಇರೋರಾ, ಹೋಗೋರಾ? ಅಷ್ಟು ಹೇಳಿ. ಇರೋರಾದ್ರೆ ನಿಮ್ಮ ಮಾತು ಊರಿನ ಮಾತು, ಒಬ್ಬನೂ ಮುಟ್ಟಲ್ಲ. ಹೋಗೋರಾದ್ರೆ ನೆಂಟರು, ಒಂದು ಲೋಟ ಮಜ್ಜಿಗೆ ಕುಡ್ದು ಸುಖವಾಗಿ ಹೋಗಿ. ನಮ್ಮ ದೇವ್ರು ನಮಗಿರ್ಲಿ."

ಮನೆಯೊಳಗಿಂದ ಹಿತ್ತಾಳೆ ತಟ್ಟೆ ಬಂತು. ಐದು ವೀಳ್ಯದೆಲೆ, ಮೇಲೆ ಅಡಿಕೆ. ಇದರ ಅರ್ಥ ನನಗಾಗಲಿ ಯಮುನಳಿಗಾಗಲಿ ಯಾರೂ ಹೇಳಬೇಕಾಗಿರಲಿಲ್ಲ. ವೀಳ್ಯ ಹಿಡಿದರೆ ಮಾತು ಕೊಟ್ಟ ಹಾಗೆ, ಆಮೇಲೆ ಹಿಂದೆಗೆಯುವುದಿಲ್ಲ. ನನ್ನ ಮದುವೆಯ ಮಾತಿಗೆಂದು ಅಪ್ಪ ಹೂವಯ್ಯ ಒಂದು ಮನೆಯವರಿಂದ ವೀಳ್ಯ ಹಿಡಿದಿದ್ದರು. ಆ ಗಂಡಿನವರು ಆಮೇಲೆ ಬೇರೆ ಕಡೆ ಹೆಣ್ಣು ತಂದರು. ಅಪ್ಪ ಮಾತ್ರ, ಅವರು ತಪ್ಪಿದರೆ ನಾನೂ ತಪ್ಪಬೇಕಾ ಎಂದು, ಮತ್ತೆಂದೂ ನನ್ನ ಮದುವೆಯ ಸುದ್ದಿ ಎತ್ತಲಿಲ್ಲ. ವೀಳ್ಯ ಎಂದರೆ ನಮ್ಮ ಮನೆಯಲ್ಲಿ ಅಷ್ಟು.

ಯಮುನ ಕೈ ಮುಂದೆ ಮಾಡಿದಳು. ಹುಲಿಯಪ್ಪ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡ.

"ಹಂಗಲ್ಲ ತಾಯಿ. ಮದ್ವೆಯಾಗದ ಹೆಣ್ಣುಮಗಳು ನೀವು. ನಿಮ್ಮ ಪರವಾಗಿ ಮನೆ ಹಿರೀಕರು ಹಿಡೀಬೇಕು. ನಾಳೆ ಅವರು ಬಂದು 'ನಮ್ಮ ಹುಡುಗಿ ಏನೋ ಅಂದಿದ್ಲು' ಅಂತ ಕರ್ಕಂಡು ಹೋದ್ರೆ? ತಂದೆಯೋರು ಅದಾರಾ?"

"ಇಲ್ಲ," ಎಂದಳು ಯಮುನ.

"ಅಣ್ಣ ತಮ್ಮ?"

"ಇಲ್ಲ."

ಹುಲಿಯಪ್ಪ ನನ್ನ ಕಡೆ ತಿರುಗಿದ. "ಹಂಗಾದ್ರೆ ಅಕ್ಕೋರೇ ಹಿರೀಕರು."

ತಟ್ಟೆ ನನ್ನ ಎದೆಯ ಮಟ್ಟಕ್ಕೆ ಬಂತು. ಡೊಳ್ಳು ನಿಂತಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಒಬ್ಬಳನ್ನು ಬಿಟ್ಟು. ಯಮುನ ನೆಲ ನೋಡುತ್ತಿದ್ದಳು. ಒಂದು ಸಲ ಕಣ್ಣೆತ್ತಿ ನನ್ನನ್ನು ನೋಡಿದ್ದರೆ, ಅದರಲ್ಲಿ ಸ್ವಲ್ಪ ಅಳುಕು ಕಂಡಿದ್ದರೂ ಸಾಕಿತ್ತು, ನಾನು ಬೇಡವೆಂದುಬಿಡುತ್ತಿದ್ದೆ.

ನಾನು ಮಾತನ್ನು ಅಳೆದು ಆಡುವವಳು. ಆಗಲೂ ಅಳೆದೆ. "ಯಜಮಾನರೇ, ಈ ಜ್ವರ ಬೇಸಿಗೆಯದ್ದು. ಮಳೆ ಹಿಡಿದ ಮೇಲೆ ಇರೋದಿಲ್ಲ. ಮಳೆಗಾಲ ಶುರುವಾಗೋವರೆಗೆ ಅಂತ ಹಿಡಿದರೆ ಆಗುತ್ತಾ?"

"ಅಕ್ಕೋರು ಸೀರೆ ಅಂಗಡೀಲಿ ಚೌಕಾಸಿ ಮಾಡ್ದಂಗೆ ಮಾಡ್ತಾರಪ್ಪ!" ಎಂದ ಗುತ್ಯಪ್ಪ.

ಹೆಂಗಸರ ನಡುವಿನಿಂದ ಒಬ್ಬ ಮುದುಕಿ, ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡೇ ಕೇಳಿದಳು: "ಮಳೆಗಾಲ್ದಾಗೆ ಯಾರೂ ಹೆರಲ್ವಾ ಅಕ್ಕೋರೇ?"

ಈ ಸಲ ಯಾರೂ ನಗಲಿಲ್ಲ.

ಕಾದು ಸಾಕಾಗಿ ಗುತ್ಯಪ್ಪ ತಿರುಗಿದ. "ಆಗದ ಮಾತಿದು. ಬಾರ್ರೋ, ಎತ್ರೋ," ಎಂದು ಬಗ್ಗಿದ. ಉಳಿದ ಮೂವರೂ ಬಗ್ಗಿದರು. ಕಂಬಳಿಯ ಅಂಚಿಗೆ ಅವನ ಬೆರಳು ಇನ್ನೇನು ತಾಗಬೇಕು. ಬೆಳ್ಳಮ್ಮ ಮತ್ತೊಮ್ಮೆ ಕುತ್ತಿಗೆ ಕೆರೆದುಕೊಂಡಳು, ಅದೇ ಜಾಗದಲ್ಲಿ. ನಾನು ಯಮುನಳ ಕೈ ನೋಡಿದೆ.

ಸುಮ್ಮನಿದ್ದವು. ಸೆರಗಿನ ಅಂಚು ಬಿಟ್ಟು ಎಷ್ಟು ಹೊತ್ತಾಗಿತ್ತೋ, ಎರಡೂ ಕೈ ಪಕ್ಕದಲ್ಲಿ ಇಳಿಬಿದ್ದು ಸುಮ್ಮನಿದ್ದವು.

"ನಿಲ್ಲಿ," ಎಂದೆ.

ತಟ್ಟೆ ಹಿಡಿದೆ. ಅದು ವಾಲಿ ಒಂದು ಅಡಿಕೆ ಉರುಳಿ ತರಗೆಲೆಗಳ ನಡುವೆ ಬಿತ್ತು. ಬೆಳ್ಳಮ್ಮ ಅದನ್ನು ಹೆಕ್ಕಲು ಬಗ್ಗಿದಾಗ ಯಮುನ, "ಬಿಡು, ಬಿಡು, ಕೈ ಹಾಕಬೇಡ!" ಎಂದು ಚೀರಿದಳು. ಅವಳು ಆ ಊರಿನ ಡಾಕ್ಟರಾಗಿ ಆಡಿದ ಮೊದಲ ಮಾತು ಅದು. ಬೆಳ್ಳಮ್ಮ ಕೈ ಹಿಂದೆ ತೆಗೆದಳು. ಗುತ್ಯಪ್ಪನೂ ನೆಟ್ಟಗಾಗಿ, ಎರಡು ಹೆಜ್ಜೆ ಹಿಂದೆ ಸರಿದ. ಹುಲಿಯಪ್ಪ ಒಣಗಿದ ಕೊಂಬೆ ತನ್ನಿ, ಬಿದಿರಿನ ಗಳು ತನ್ನಿ ಎಂದು ಕೂಗಿ ಹೇಳಿದ.

ಆಮೇಲಿನದು ಬೇಗ ನಡೆಯಿತು. ಪುಷ್ಪಮ್ಮ ಸೀಮೆಎಣ್ಣೆ ತಂದಳು. ಉದ್ದದ ಗಳುಗಳಿಂದ ಕೊಂಬೆಗಳನ್ನು ದೂಡಿ ಮಂಗದ ಸುತ್ತ ಒಟ್ಟಿದರು, ಕಂಬಳಿಯನ್ನೂ ತೆಗೆಯಲಿಲ್ಲ. ಕಾಡಿಗೆ ಬೆಂಕಿ ಹೋಗದಂತೆ ಸುತ್ತಲಿನ ಎಲೆಯನ್ನು ಗಳುಗಳಿಂದಲೇ ಒಳಕ್ಕೆ ತಳ್ಳಿದರು. ಬಿದಿರಿನ ಕುರ್ಚಿಯನ್ನೂ ಮಾಲೆಯನ್ನೂ ದೂರದಿಂದ ಎಸೆದರು. ಯಮುನ ಹುಲಿಯಪ್ಪನ ಹತ್ತಿರ, "ಬೂದಿ ಆರಿದ ಮೇಲೆ ಇಲ್ಲೇ ಕಲ್ಲು ನಿಲ್ಲಿಸಿ. ಡೊಳ್ಳು ಎಷ್ಟು ಬೇಕಾದರೂ ಬಾರಿಸಿ," ಎಂದಳು. ಹುಲಿಯಪ್ಪ ತಲೆಯಾಡಿಸಿದ. ಬೆಂಕಿ ಹತ್ತಿದಾಗ ಅವನ ಕಣ್ಣಲ್ಲಿ ನೀರಿತ್ತು. ಹೊಗೆಗೆಂದು ನಾನು ಅಂದುಕೊಳ್ಳಲಿಲ್ಲ.

ಬೆಳ್ಳಮ್ಮನನ್ನು ಆರೋಗ್ಯ ಕೇಂದ್ರಕ್ಕೆ ಕರೆತಂದರು. ಬಾಗಿಲು ಹಾಕಿ, ಬಿಸಿನೀರು ಹೊಯ್ದು, ಅವಳ ಬಟ್ಟೆಯನ್ನು ಕುದಿಯುವ ಹಂಡೆಗೆ ಹಾಕಿ, ಯಮುನ, ಪುಷ್ಪಮ್ಮ ಇಬ್ಬರೂ ತಲೆಯಿಂದ ಕಾಲಿನವರೆಗೆ ಉಣುಗು ಹುಡುಕಿದರು. ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ. ಒಳಗೆ ಬೆಳ್ಳಮ್ಮ ಕಚಗುಳಿಗೆ ನಗುವುದು ಕೇಳುತ್ತಿತ್ತು. ಆಮೇಲೆ ನಗು ನಿಂತಿತು. ಆಮೇಲೆ ಪುಷ್ಪಮ್ಮನ ದನಿ: "ಇಲ್ಲೊಂದಿದೆ ಡಾಕ್ಟ್ರೇ. ಕಂಕುಳಲ್ಲಿ ಇನ್ನೊಂದು."

ಯಮುನ ಹೊರಗೆ ಬಂದು ನನ್ನ ಪಕ್ಕದಲ್ಲಿ ಕೂತಾಗ ಬಿಸಿಲು ಬಾಗಿತ್ತು. "ಎಲ್ಲ ಉಣುಗಿನಲ್ಲೂ ಕಾಯಿಲೆ ಇರಲ್ಲ," ಎಂದಳು. "ಒಂದು ವಾರ ನೋಡ್ಬೇಕು. ಇಲ್ಲೇ ಮಲಗಿಸ್ಕೋತೀನಿ."

"ಜ್ವರ ಬಂದರೆ?"

"ಬಂದ್ರೆ ನೀರು ಕುಡಿಸ್ತೀನಿ, ಕಾಯ್ತೀನಿ. ಮನೆಯಲ್ಲಿದ್ರೆ ಜ್ವರದಲ್ಲೇ ಕೆಲಸ ಮಾಡ್ತಾಳೆ, ಮನೆಯವರು ಮಂತ್ರ ಹಾಕಿಸ್ತಾರೆ. ಅಷ್ಟೇ ವ್ಯತ್ಯಾಸ ಅಕ್ಕ. ಆದ್ರೆ ವ್ಯತ್ಯಾಸ."

"ತಟ್ಟೆ ಬಂದಾಗ ನೀನು ನನ್ನನ್ನ ನೋಡಲಿಲ್ಲ," ಎಂದೆ.

"ನೋಡಿದ್ರೆ ನಾನೇ ನಿನ್ನ ಕೈ ಹಿಡಿದು ತಟ್ಟೆಗೆ ಇಟ್ಟಂಗೆ ಆಗ್ತಿತ್ತು. ಆಮೇಲೆ ನನಗೇನಾದ್ರೂ ಆದ್ರೆ ನೀನು ನನ್ನ ಬಿಡ್ತಿದ್ಯಾ? ಸತ್ತ ಮೇಲೂ ಬೈತಿದ್ದೆ."

"ಬಿಡ್ತು ಅನ್ನು."

"ಬಿಡ್ತು," ಎಂದು ನಕ್ಕಳು. ನಗುತ್ತಲೇ ಕೈಯನ್ನು ಜಡೆಯ ಬುಡಕ್ಕೆ ಒಯ್ದು ಕೆರೆದುಕೊಂಡಳು.

ಅದನ್ನು ಅವಳು ಗಮನಿಸಲಿಲ್ಲ. ನಾನು ಗಮನಿಸಿದೆ.

"ತಿರುಗು," ಎಂದೆ.

"ಏನು?"

"ತಿರುಗಿ ಕೂರು. ಕೆಳಗಿನ ಮೆಟ್ಟಿಲಿಗೆ ಇಳಿ."

ಅವಳು ಇಳಿದು ನನ್ನ ಮೊಣಕಾಲ ನಡುವೆ ಬೆನ್ನು ಹಾಕಿ ಕೂತಳು, ಶಾಲೆಗೆ ಹೊರಡುವಾಗ ಕೂರುತ್ತಿದ್ದ ಹಾಗೆಯೇ. ಜಡೆ ಬಿಚ್ಚಿದೆ. ಹೊಗೆಯ ವಾಸನೆ ಬಂತು. ಕೂದಲನ್ನು ಎಳೆ ಎಳೆಯಾಗಿ ಬಿಡಿಸುತ್ತ ಹೋದೆ. ದೂರದಲ್ಲಿ ಬಸ್ಸು ಹಾರನ್ ಹಾಕಿದ್ದು ಕೇಳಿಸಿತು.

ಕತ್ತಿನ ಮೇಲೆ, ಕೂದಲು ಶುರುವಾಗುವ ಕಡೆ, ಒಂದು ಚುಕ್ಕೆ ಇತ್ತು. ಸಾಸಿವೆಗಿಂತ ಚಿಕ್ಕದು. ಮಚ್ಚೆ ಎಂದುಕೊಳ್ಳಬಹುದಿತ್ತು, ಆದರೆ ಅವಳ ಮೈಮೇಲಿನ ಮಚ್ಚೆಗಳೆಲ್ಲ ನನಗೆ ಗೊತ್ತು.

"ಇದೆಯಾ?" ಎಂದಳು ಯಮುನ.

"ಇದೆ."

"ಹರೀತಾ ಇದೆಯಾ, ಕಚ್ಚಿ ಹಿಡಿದಿದೆಯಾ?"

ಸುಳ್ಳು ಹೇಳಲು ಒಂದು ಕ್ಷಣವಿತ್ತು. "ಕಚ್ಚಿ ಹಿಡಿದಿದೆ," ಎಂದೆ.

ಅವಳ ಬೆನ್ನು ಸ್ವಲ್ಪ ಬಿಗಿಯಾಯಿತು. ಆಮೇಲೆ ಡಾಕ್ಟರ ದನಿಯಲ್ಲಿ, "ಹಿಸುಕಬೇಡ. ಪುಷ್ಪಮ್ಮನ ಹತ್ರ ಚಿಮಟ ಕೇಳು. ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆ ಎಳಿ. ತಿರುವಬೇಡ," ಎಂದಳು.

ಬಸ್ಸು ಬಂದು ಆರೋಗ್ಯ ಕೇಂದ್ರದ ಮುಂದೆ ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ಜೋತುಕೊಂಡು, "ಸಾಗರ, ಸಾಗರ! ಬರ್ತೀರಾ ಅಕ್ಕೋರೇ? ಬೇಗ ಬನ್ನಿ, ಬೆಳಿಗ್ಗೆ ಕೂತಿದ್ದ ಸೀಟೇ ಖಾಲಿ ಅದೆ," ಎಂದು ಕೂಗಿದ.

"ನೀನು ಹೋಗು ಅಕ್ಕ. ನಾಳೆ ಶಾಲೆ ಇದೆ," ಎಂದಳು ಯಮುನ, ತಿರುಗದೆ.

ಪುಷ್ಪಮ್ಮ ಚಿಮಟ ತಂದು ನನ್ನ ಕೈಗಿಟ್ಟಳು. ಹೇಳಿದ ಹಾಗೆ ಚರ್ಮಕ್ಕೆ ತಾಗಿಸಿ ಹಿಡಿದು ಎಳೆದೆ. ಬಂತು. ಪುಷ್ಪಮ್ಮ ಹಿಡಿದಿದ್ದ ಸೀಮೆಎಣ್ಣೆಯ ಮುಚ್ಚಳದಲ್ಲಿ ಅದು ಕಾಲಾಡಿಸಿತು.

"ನಮ್ಮ ಹೆಡ್‌ಮಿಸ್ಟ್ರೆಸ್ ಮನೆ ಗೊತ್ತಲ್ಲ ನಿಮಗೆ?" ಎಂದು ಕಂಡಕ್ಟರಿಗೆ ಕೂಗಿ ಹೇಳಿದೆ. "ಜಲಜಮ್ಮ ಈ ವಾರ ಶಾಲೆಗೆ ಬರೋದಿಲ್ಲ ಅಂತ ತಿಳಿಸಿಬಿಡಿ. ಸಾಗರದ ಸರ್ಕಾರಿ ಆಸ್ಪತ್ರೆಯವರಿಗೂ ಸುದ್ದಿ ಮುಟ್ಟಿಸಿ, ಕವಲಗೋಡಿನಲ್ಲಿ ಮಂಗ ಸತ್ತಿದೆ ಅಂತ."

"ಕಾರಣ ಏನಂತ ಹೇಳ್ಲಿ ಹೆಡ್‌ಮಿಸ್ಟ್ರೆಸ್‌ಗೆ?"

"ವೀಳ್ಯ ಹಿಡಿದಿದಾರೆ ಅಂತ ಹೇಳಿ," ಎಂದೆ.

ಬಸ್ಸು ಹೊರಟುಹೋಯಿತು. ಹಿತ್ತಲ ಕಡೆಯಿಂದ ಡೊಳ್ಳು ಮತ್ತೆ ಶುರುವಾಗಿತ್ತು. ಯಮುನ ಏಳಲು ಹೋದಳು.

"ಕೂತ್ಕೋ," ಎಂದೆ. "ಬಲಗಡೆ ಇನ್ನೂ ನೋಡಿಲ್ಲ."

ಬೆಳಕು ಇರುವಷ್ಟು ಹೊತ್ತೂ ಹುಡುಕಿದೆ.